ಪೀಕದಾನಿಯ ತಳದ ಅರಸ

ಐವರ್ನಾಡಿನ ಪೂವಮ್ಮನವರು ಕೆಂಪಾದ ಯಾವುದನ್ನೂ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಕೈಗೆ ಬರುವುದು ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತು. ಅದನ್ನು ಕಂಡರೆ ಅವರು ಮುಖ ತಿರುಗಿಸಿ, ಸ್ವಲ್ಪ ಮಜ್ಜಿಗೆ ಉಂಟೋ ಎಂದು ಕೇಳುತ್ತಾರೆ. ಮದುವೆಯ ಊಟದಲ್ಲಿ ಬೀಟ್ರೂಟಿನ ಪಲ್ಯ ತರುವವರು ಅವರ ಎಲೆಯನ್ನು ದಾಟಿ ಮುಂದಿನ ಎಲೆಗೆ ಬಡಿಸುತ್ತಾರೆ. ತಿಳಿಯದವರು ಹರಕೆಯೋ ಪಥ್ಯವೋ ಎಂದು ವಿಚಾರಿಸುವುದುಂಟು.

“ಹರಕೆಯೂ ಅಲ್ಲ, ಪಥ್ಯವೂ ಅಲ್ಲ ಮಾರಾಯ್ರೆ. ಹೇಸಿಗೆ” ಎಂದು ಹೇಳಿ ಅವರು ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಆ ಹೇಸಿಗೆಗೆ ಒಂದು ಮುಖವಿತ್ತು. ಅದು ಇಂಗ್ಲೆಂಡಿನ ಅರಸನೊಬ್ಬನ ಮುಖ.

ಪೂವಮ್ಮನವರ ಗಂಡನ ಮನೆಯಲ್ಲಿ ಹಿತ್ತಾಳೆಯ ಒಂದು ಪೀಕದಾನಿ ಇದೆ. ಎಲೆಯಡಿಕೆ ಜಗಿದು ಉಗುಳುವ ಪಾತ್ರೆ. ಬಾಯಿ ಊಟದ ಬಟ್ಟಲಿನಷ್ಟು ಅಗಲ, ಕುತ್ತಿಗೆ ಇಕ್ಕಟ್ಟು, ಹೊಟ್ಟೆ ಗುಂಡಗೆ. ಅಂತಹ ಪಾತ್ರೆಗಳು ಹಿಂದೆ ಎಷ್ಟೋ ಮನೆಗಳಲ್ಲಿದ್ದವು. ಈಗ ಅಟ್ಟ ಸೇರಿವೆ, ಇಲ್ಲವೇ ಗುಜರಿಗೆ ಹೋಗಿವೆ. ಈ ಮನೆಯದಕ್ಕೆ ಒಂದು ವಿಶೇಷವುಂಟು. ಅದರ ತಳದಲ್ಲಿ, ಒಳಗಡೆ, ಬೆಳ್ಳಿಯ ಒಂದು ರೂಪಾಯಿಯನ್ನು ಬೆಸುಗೆ ಹಾಕಿ ಕೂರಿಸಿದ್ದಾರೆ. ರೂಪಾಯಿಯ ಮೇಲೆ ನಾಲ್ಕನೆಯ ವಿಲಿಯಂ ಎಂಬ ಅರಸನ ತಲೆ. ಕಿರೀಟವಿಲ್ಲ; ಬರಿದಲೆ, ಬಲಕ್ಕೆ ತಿರುಗಿದ ಮುಖ, ಕಿವಿಯ ಬಳಿ ಸುರುಳಿಗೂದಲು. ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ ೧೮೩೫ ಎಂಬ ಇಸವಿಯೂ ಇದೆ ಎಂದು ಮನೆಯವರು ಹೇಳುತ್ತಾರೆ. ಬೆಸುಗೆ ಹಾಕಿದ ಮೇಲೆ ಆ ಬದಿಯನ್ನು ಕಂಡವರು ಯಾರೂ ಇಲ್ಲ.

ಇದರ ಹಿಂದಿನ ಕಥೆಯನ್ನು ಪೂವಮ್ಮನವರ ಮಾವ ಕುಕ್ಕಪ್ಪ ಗೌಡರು ಬಂದವರಿಗೆಲ್ಲ ಹೇಳುತ್ತಿದ್ದರು. ಸುಳ್ಯದ ರೈತರು ಕಂಪೆನಿ ಸರಕಾರದ ಮೇಲೆ ದಂಗೆಯೆದ್ದು ಮಂಗಳೂರಿನವರೆಗೆ ನಡೆದ ವರ್ಷ, ಎಂದರೆ ೧೮೩೭ರಲ್ಲಿ, ಬೆಳ್ಳಾರೆಯ ಖಜಾನೆಯನ್ನು ಹಿಡಿದ ಗುಂಪಿನಲ್ಲಿ ಅವರ ಹಿರಿಯನೊಬ್ಬನಿದ್ದನಂತೆ. ಅವನು ಮೂಟೆ ಹೊರಲಿಲ್ಲ. ಒಂದೇ ಒಂದು ರೂಪಾಯಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದನಂತೆ. ದಂಗೆ ಅಡಗಿತು, ಎಷ್ಟೋ ಮಂದಿ ಗಲ್ಲಿಗೇರಿದರು, ಇವನು ಮಾತ್ರ ಹೇಗೋ ಉಳಿದ. ಉಳಿದವನು ಕಂಚುಗಾರನನ್ನು ಕರೆಸಿ, ಆ ರೂಪಾಯಿಯನ್ನು ಪೀಕದಾನಿಯ ತಳಕ್ಕೆ ಕೂರಿಸಿದ. ಅಂದಿನಿಂದ ಆ ಮನೆಯ ಗಂಡಸರು ಅರಸನ ಮುಖದ ಮೇಲೆ ಉಗುಳುತ್ತಾ ಬಂದರು.

“ನಮ್ಮ ಹಿರಿಯ ಉಗುಳಿದ್ದು ಬೇಸಿಗೆಯಲ್ಲಿ. ಮಳೆ ಹಿಡಿಯುವಾಗ ಅರಸ ಸತ್ತ” ಎಂದು ಕುಕ್ಕಪ್ಪ ಗೌಡರು ಕಥೆ ಮುಗಿಸಿ, ಬಾಯಿ ತುಂಬಿದ್ದನ್ನು ಪೀಕದಾನಿಗೆ ಬಿಡುತ್ತಿದ್ದರು.

ಆ ಅರಸ ಅದೇ ವರ್ಷ ಜೂನ್ ತಿಂಗಳಲ್ಲಿ ತೀರಿಕೊಂಡದ್ದು ನಿಜ. ಉಳಿದುದರಲ್ಲಿ ಎಷ್ಟು ನಿಜವೆಂದು ಹೇಳುವುದು ಕಷ್ಟ. ಆದರೆ ಮನೆಯವರಿಗೆ ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿಲ್ಲದ ಆ ಹೆಮ್ಮೆಯಿಂದಲೇ ಒಂದು ಕ್ರಮ ಬೆಳೆದಿತ್ತು. ಬೆಳಗಿನ ಮೊದಲ ಎಲೆಯಡಿಕೆ ಹಾಕುವ ಮುನ್ನ ಯಜಮಾನ ಪೀಕದಾನಿಯನ್ನು ಬೆಳಕಿಗೆ ಓರೆಮಾಡಿ ಒಳಗೆ ಇಣುಕಬೇಕು. ತಳದಲ್ಲಿ ಅರಸ ಬೆಳ್ಳಗೆ ಕಾಣಬೇಕು. ಕಾಣದಿದ್ದರೆ ಯಾರ ಮೇಲೆ ಉಗುಳುವುದು? ನಿನ್ನೆಯ ಉಗುಳಿನ ಮೇಲೆ ಉಗುಳಿದರೆ ಅದು ಬರಿಯ ಉಗುಳು. ಅರಸನ ಮೇಲೆ ಬಿದ್ದರೆ ಮಾತ್ರ ಮರ್ಯಾದೆ.

ಆದುದರಿಂದ ದಿನವೂ ಅದನ್ನು ತೊಳೆಯಬೇಕಿತ್ತು. ತೊಳೆಯುವ ಕೆಲಸ ಮನೆಗೆ ಬಂದ ಸೊಸೆಯದು. ಕುತ್ತಿಗೆ ಇಕ್ಕಟ್ಟಾದ ಕಾರಣ ಗಂಡಸರ ಕೈ ಒಳಗೆ ಹೋಗುವುದಿಲ್ಲ, ಹೆಂಗಸರ ಕೈಯಷ್ಟೇ ಹೋಗುವುದು ಎಂಬುದು ಅದಕ್ಕೆ ಮನೆಯವರು ಕೊಡುತ್ತಿದ್ದ ಕಾರಣ.

ಪೂವಮ್ಮ ಹುಟ್ಟಿದ್ದು ಬೆಳ್ಳಾರೆಯ ಹತ್ತಿರ. ತಂದೆಗೆ ಎಲೆಯಡಿಕೆಯ ಚಟವಿರಲಿಲ್ಲ. ಮನೆಯಲ್ಲಿ ಉಗುಳುವ ಪಾತ್ರೆಯೂ ಇರಲಿಲ್ಲ. ಏಳನೆಯ ತರಗತಿಯವರೆಗೆ ಓದಿದ್ದರು. ಬತ್ತ ಕುಟ್ಟುವುದು, ಹಾಲು ಕರೆಯುವುದು, ಓಲೆ ಹೆಣೆಯುವುದು ಎಲ್ಲ ಬರುತ್ತಿತ್ತು. ಯಾವ ಕೆಲಸಕ್ಕೂ ಹಿಂದೆಗೆದವರಲ್ಲ. ತೀರ್ಥರಾಮ ಗೌಡರನ್ನು ಮದುವೆಯಾಗಿ ಐವರ್ನಾಡಿಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ಅವರನ್ನು ಬಾವಿಕಟ್ಟೆಯ ಬಳಿಗೆ ಕರೆದುಕೊಂಡು ಹೋದರು. ಅಲ್ಲಿ ಪೀಕದಾನಿ ಇತ್ತು. ಮದುವೆಗೆ ಬಂದ ನೆಂಟರೆಲ್ಲ ಹಿಂದಿನ ದಿನ ಅದರಲ್ಲಿ ಉಗುಳಿದ್ದರು.

ಮೊದಲು ಕೊಚ್ಚೆಯಲ್ಲಿ ಬೋರಲು ಹಾಕಬೇಕು. ಅದು ನೀರಿನ ಹಾಗೆ ಸುರಿಯುವುದಿಲ್ಲ. ಕೆಂಪಗೆ ಲೋಳೆಯಾಗಿ, ದಾರ ಎಳೆದುಕೊಂಡು, ತುಂಡುತುಂಡಾಗಿ ಇಳಿಯುತ್ತದೆ. ಸುಣ್ಣದ, ಹೊಗೆಸೊಪ್ಪಿನ, ಇನ್ನೊಬ್ಬರ ಹಲ್ಲಿನ ವಾಸನೆ. ಆಮೇಲೆ ಹುಣಿಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು, ಬಳೆಗಳನ್ನು ಮೊಣಕೈಯತ್ತ ಏರಿಸಿ, ಕೈಯನ್ನು ಕುತ್ತಿಗೆಯೊಳಗೆ ತೂರಿಸಬೇಕು. ಒಳಗೆ ಕಣ್ಣು ಹೋಗುವುದಿಲ್ಲ. ಬೆರಳೇ ಹುಡುಕಬೇಕು. ಪೂವಮ್ಮನವರ ಬೆರಳಿಗೆ ಮೊದಲು ಸಿಕ್ಕಿದ್ದು ಒಂದು ಮೂಗು.

ಅವರು ಕೈ ಎಳೆದುಕೊಂಡು ಓಡಿಹೋಗಿ ದನದ ಹಟ್ಟಿಯ ಹಿಂದೆ ವಾಂತಿ ಮಾಡಿದರು. ಮನೆಯಲ್ಲಿ ಇನ್ನೂ ಉಳಿದಿದ್ದ ನೆಂಟರ ಹೆಂಗಸರು ಅದನ್ನು ಕಂಡು, ಮದುವೆಯಾಗಿ ಒಂದೇ ರಾತ್ರಿಗೆ ಸೊಸೆ ಕಕ್ಕುತ್ತಾಳಲ್ಲ ಎಂದು ಬಾಯಿಗೆ ಸೆರಗಿಟ್ಟು ನಕ್ಕರು. ಆ ಮಾತು ಬೆಳ್ಳಾರೆಯ ಸಂತೆಯವರೆಗೂ ಹೋಗಿ, ತಾಯಿಯ ಮನೆಯವರು ಗಾಬರಿಯಾಗಿ ವಿಚಾರಿಸಲು ಬಂದಿದ್ದರು.

ಅತ್ತೆ ಗದರಲಿಲ್ಲ. ಅಂಗಳದ ಬದಿಯ ಲಿಂಬೆಗಿಡದಿಂದ ನಾಲ್ಕು ಎಲೆ ಕಿತ್ತು ಅಂಗೈಯಲ್ಲಿ ಹಿಸುಕಿ ಸೊಸೆಯ ಮೂಗಿಗೆ ಹಿಡಿದರು. ತೊಳೆದಾದ ಮೇಲೆ ಇದನ್ನೇ ಬೆರಳಿಗೆ ತಿಕ್ಕಿದರೆ ಊಟಕ್ಕೆ ಕೂರಬಹುದು, ಸಾಬೂನಿಗೆ ಆ ವಾಸನೆ ಹೋಗುವುದಿಲ್ಲ ಎಂದು ಹೇಳಿಕೊಟ್ಟರು. ಮತ್ತೆ ದನಿ ತಗ್ಗಿಸಿ ಒಂದು ಮಾತು ಹೇಳಿದರು.

“ಗಂಡನ ಎಂಜಲನ್ನು ಬೇಕಾದರೆ ಉಂಡೇವು. ಇದು ಊರಿನ ಎಂಜಲು. ನಾನೂ ಅತ್ತಿದ್ದೇನೆ ಮಗಳೇ. ಬಾಯಿ ಮುಚ್ಚಿಕೊಂಡು ತಿಕ್ಕಿಬಿಡು.”

ಅಂದಿನಿಂದ ಪೂವಮ್ಮ ತಿಕ್ಕಿದರು. ಬಸುರಿಯಾಗಿದ್ದಾಗಲೂ ತಿಕ್ಕಿದರು, ಆಗ ವಾಂತಿಗೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ ಎಂದು ತಾವೇ ನಗೆಯಾಡುತ್ತಾರೆ. ಮಾವ ಬೆಳಿಗ್ಗೆ ಇಣುಕಿದಾಗ ಅರಸನ ಹಣೆಯ ಮೇಲೆ ಒಂದು ಕಲೆ ಕಂಡರೂ ಪೀಕದಾನಿ ಬಾವಿಕಟ್ಟೆಗೆ ತಿರುಗಿ ಬರುತ್ತಿತ್ತು. ಕುಕ್ಕಪ್ಪ ಗೌಡರು ಕೆಟ್ಟ ಮನುಷ್ಯರಲ್ಲ. ಸೊಸೆಗೆ ಬೈದವರಲ್ಲ, ಜಾತ್ರೆಗೆ ಹೋದರೆ ಬಳೆ ತರುತ್ತಿದ್ದರು, ಜ್ವರ ಬಂದರೆ ತಾವೇ ಕಷಾಯ ಕಾಯಿಸುತ್ತಿದ್ದರು. ಆದರೆ ಬಂದವರ ಮುಂದೆ ಪೀಕದಾನಿಯನ್ನು ಓರೆಮಾಡಿ, ನೋಡಿ ಹೇಗೆ ಹೊಳೆಯುತ್ತಾನೆ ಎಂದು ತೋರಿಸುವಾಗ, ಹೊಳೆಯಿಸಿದವಳು ಬಾಗಿಲ ಮರೆಯಲ್ಲೇ ನಿಂತಿದ್ದಾಳೆ ಎಂಬುದು ಅವರಿಗೆ ಒಮ್ಮೆಯೂ ಹೊಳೆಯಲಿಲ್ಲ. ಆ ಹೊತ್ತಿಗೆ ಪೂವಮ್ಮನವರು ಅನ್ನದ ಮೇಲೆ ಟೊಮೆಟೊ ಸಾರು ಬಿದ್ದರೂ ಎಲೆಯನ್ನು ಬಿಟ್ಟು ಏಳುತ್ತಿದ್ದರು.

ಅವರ ಮಗ ಜಯಪ್ರಕಾಶ್ ಬೆಳ್ಳಾರೆಯ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿದ್ದವನು. ಒಮ್ಮೆ ಇತಿಹಾಸದ ಪಾಠ ನಡೆಯುವಾಗ ಎದ್ದು ನಿಂತು, ನಮ್ಮ ಪೀಕದಾನಿಯಲ್ಲಿರುವ ಅರಸ ಯಾರೆಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆ ಅರಸ ಹಡಗಿನಲ್ಲಿ ಕೆಲಸ ಮಾಡಿದವನು, ಅರುವತ್ತು ದಾಟಿದ ಮೇಲೆ ಪಟ್ಟಕ್ಕೆ ಬಂದವನು, ಹೆಚ್ಚು ವರ್ಷ ಆಳಲಿಲ್ಲ, ಸುಳ್ಯದ ಹೆಸರನ್ನು ಕೇಳಿಯೂ ಇರಲಾರ ಎಂದು ನಾನು ತಿಳಿಸಿದೆ. ಹುಡುಗ ಅದನ್ನು ಮನೆಗೆ ಹೋಗಿ ಹೇಳಿದ. ಕುಕ್ಕಪ್ಪ ಗೌಡರಿಗೆ ಸಿಟ್ಟು ಬಂತು. ಸುಳ್ಯವನ್ನು ಅರಿಯದವನ ಮೇಲೆ ಇಷ್ಟು ಕಾಲ ಉಗುಳಿದ್ದು ವ್ಯರ್ಥವಾದಂತೆ ಅವರಿಗೆ ಅನಿಸಿರಬೇಕು. ಪೂವಮ್ಮ ಮಾತ್ರ ಹಾಲು ಕರೆಯುತ್ತಲೇ ಕೇಳಿ, ಅವನ ಅರಮನೆಯಲ್ಲೂ ಇಂಥದ್ದನ್ನು ತೊಳೆಯುವವಳೊಬ್ಬಳು ಇದ್ದಿರಬೇಕು, ಪಾಪ ಎಂದರಂತೆ.

ಮಾವ ತೀರಿಹೋದರು. ತೀರ್ಥರಾಮ ಗೌಡರು ಕೆಲವು ವರ್ಷ ತಂದೆಯ ಕ್ರಮವನ್ನು ನಡೆಸಿದರು. ಆಮೇಲೆ ಬಾಯಿಯೊಳಗೆ ಹುಣ್ಣಾಗಿ, ವೈದ್ಯರು ಎಲೆಯಡಿಕೆಯನ್ನು ಬಿಡಿಸಿದರು. ಬಿಟ್ಟ ದಿನ ಪೂವಮ್ಮನವರು ಪೀಕದಾನಿಯನ್ನು ಕೊನೆಯ ಸಲ ತೊಳೆದು, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೂಲೆಯಲ್ಲಿ ಕವುಚಿ ಹಾಕಿದರು. ಗಂಡನ ಹುಣ್ಣಿಗೆ ಅತ್ತರು, ಪೀಕದಾನಿ ಅಟ್ಟಕ್ಕೆ ಹೋದುದಕ್ಕೆ ದೇವರಿಗೆ ತುಪ್ಪದ ದೀಪ ಇಟ್ಟರು. ಎರಡೂ ಒಂದೇ ಸಂಜೆ. ತೀರ್ಥರಾಮ ಗೌಡರು ಹೋದ ಮೇಲೂ ಅದು ಅಲ್ಲಿಯೇ ಇತ್ತು. ಜಯಪ್ರಕಾಶ್ ರಬ್ಬರು, ಕರಿಮೆಣಸು ಎಂದು ಓಡಾಡುವವನು. ಅವನಿಗೆ ಯಾವ ಚಟವೂ ಇಲ್ಲ. ಅವನ ಹೆಂಡತಿಯ ಪಾಲಿಗೆ ಈ ಕೆಲಸ ಬರಲಿಲ್ಲ. ಇನ್ನು ಯಾರ ಕೈಗೂ ಬರುವುದಿಲ್ಲವೆಂದು ಪೂವಮ್ಮನವರು ನಂಬಿಕೊಂಡಿದ್ದರು.

ಅದನ್ನು ಅಟ್ಟದಿಂದ ಇಳಿಸಿದವನು ರಾಮಪ್ರಸಾದ.

ರಾಮಪ್ರಸಾದ ಅದೇ ಕುಟುಂಬದ ಇನ್ನೊಂದು ಕವಲಿನವನು. ಪುತ್ತೂರಿನಲ್ಲಿ ನೆಲದ ಟೈಲ್ಸು, ಕೈತೊಳೆಯುವ ಬೇಸಿನ್ನು ಮಾರುವ ದೊಡ್ಡ ಅಂಗಡಿ ಇಟ್ಟಿದ್ದಾನೆ. ಈಚಿನ ವರ್ಷಗಳಲ್ಲಿ ದಂಗೆಯ ನೆನಪಿನ ಸಭೆಗಳು ಅಲ್ಲಲ್ಲಿ ನಡೆಯುತ್ತಿರುವುದನ್ನು ಕಂಡು, ತಮ್ಮ ಕುಟುಂಬದ ಹೆಸರೂ ಬರಬೇಕೆಂದು ಅವನಿಗೆ ಆಸೆಯಾಯಿತು. ಕುಟುಂಬದವರ ಒಂದು ಸಮಿತಿ ಮಾಡಿ, ಅದಕ್ಕೆ ತಾನೇ ಅಧ್ಯಕ್ಷನಾದ. ಏಪ್ರಿಲ್ ತಿಂಗಳ ಒಂದು ಭಾನುವಾರ ಐವರ್ನಾಡಿನ ಮನೆಯಂಗಳದಲ್ಲಿ ಕುಟುಂಬದವರೆಲ್ಲ ಸೇರುವುದು, ಗಂಡಸರೆಲ್ಲ ಸಾಲಾಗಿ ಬಂದು ಎಲೆಯಡಿಕೆ ಜಗಿದು ಅರಸನ ಮೇಲೆ ಉಗುಳುವುದು, ಕೊನೆಗೆ ಮನೆಯ ಹೊಸ ಸೊಸೆ ಪೀಕದಾನಿಯನ್ನು ತೊಳೆದು ಹೊಳೆಯುವ ಅರಸನನ್ನು ಎಲ್ಲರಿಗೂ ತೋರಿಸುವುದು ಎಂದು ಕಾರ್ಯಕ್ರಮ ಹಾಕಿದ. ಅದನ್ನೆಲ್ಲ ವಿಡಿಯೊ ಮಾಡಿಸಿ ಮೊಬೈಲಿನಲ್ಲಿ ಹಂಚಬೇಕೆಂಬುದು ಅವನ ಯೋಚನೆ.

ಹೊಸ ಸೊಸೆ ಎಂದರೆ ಭವಿತಾ. ಜಯಪ್ರಕಾಶನ ಮಗ ರೂಪೇಶನನ್ನು ಆ ಮಾಘದಲ್ಲಷ್ಟೇ ಮದುವೆಯಾದವಳು. ಕಡಬದ ಕಡೆಯ ಹುಡುಗಿ, ಸುಳ್ಯದ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಕೆಲಸ ಮಾಡುತ್ತಾಳೆ. ಗಂಡನ ಮನೆಯವರ ಮಾತಾದ ಅರೆಭಾಷೆಯನ್ನು ಕಲಿಯುವಾಗ ನಡುನಡುವೆ ತುಳು ಸೇರಿಸಿ ಎಲ್ಲರನ್ನೂ ನಗಿಸುವವಳು. ಪೂವಮ್ಮನವರಿಗೆ ಅವಳ ಮೇಲೆ ಬಹಳ ಪ್ರೀತಿ. ಕಾರ್ಯಕ್ರಮದ ಸುದ್ದಿ ಬಂದ ದಿನ ಅಜ್ಜಿ ಊಟ ಮಾಡಲಿಲ್ಲ. ಭವಿತಾ ಕಾರಣ ಕೇಳಿದಳು. ಅಜ್ಜಿ ಮೊದಲ ಬೆಳಗಿನ ಕಥೆಯನ್ನು, ಬೆರಳಿಗೆ ಸಿಕ್ಕಿದ ಮೂಗನ್ನು, ಎಲ್ಲವನ್ನೂ ಹೇಳಿದರು. ಹುಡುಗಿ ಅದನ್ನು ಹಗುರವಾಗಿಯೇ ತೆಗೆದುಕೊಂಡಳು.

“ಅದಕ್ಕೆಂತ ಅಜ್ಜಿ? ಕ್ಲಿನಿಕ್ಕಿನಲ್ಲಿ ದಿನಾ ಇದೇ ಅಲ್ಲವಾ. ಜನ ಉಗುಳುದು, ನಾವು ನೀರು ಬಿಡುದು. ಗ್ಲೌಸ್ ಹಾಕಿ ತೊಳೀತೇನೆ. ಒಂದು ದಿನದ ಕೆಲಸ.”

“ನಾನು ಸಹ ಮೊದಲು ತೊಳೆದದ್ದು ಒಂದು ದಿನವೇ” ಎಂದರು ಪೂವಮ್ಮ.

ಗ್ಲೌಸಿನ ಮಾತನ್ನು ಭವಿತಾ ಫೋನಿನಲ್ಲಿ ರಾಮಪ್ರಸಾದನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. ವಿಡಿಯೊದಲ್ಲಿ ಆಸ್ಪತ್ರೆಯ ಹಾಗೆ ಕಾಣಬಾರದು, ಬಳೆ ತೊಟ್ಟ ಬರಿಗೈಯೇ ಕಾಣಬೇಕು, ಹಿಂದಿನವರು ಹಾಗೆಯೇ ಮಾಡಿದ್ದು ಎಂದ. ಫೋನಿಟ್ಟ ಮೇಲೆ ಭವಿತಾ ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡುತ್ತಾ ನಿಂತಳು. ಮತ್ತೆ ಅವಳೂ ಒಂದು ದಿನದ ಕೆಲಸವೆಂದು ಹೇಳಲಿಲ್ಲ.

ಪೂವಮ್ಮ ಮಗನನ್ನು ಕರೆದು, ಉಗುಳುವುದಾದರೆ ಉಗುಳಿಕೊಳ್ಳಲಿ, ತೊಳೆಯುವುದನ್ನು ಬಿಡಿಸು ಎಂದರು. ಜಯಪ್ರಕಾಶ್ ತಾಯಿಯ ಮಾತನ್ನು ಎಂದೂ ತೆಗೆದುಹಾಕಿದವನಲ್ಲ, ಆದರೆ ಹತ್ತು ಜನರ ಮುಂದೆ ಎದುರು ಮಾತನಾಡುವ ಸ್ವಭಾವವೂ ಅವನದಲ್ಲ. ಕಾರ್ಡು ಹಂಚಿ ಆಗಿದೆ, ಶಾಮಿಯಾನಕ್ಕೆ ಹೇಳಿ ಆಗಿದೆ ಎಂದು ಗೊಣಗಿದ. ಕೊನೆಗೆ, ಬೇರೆ ಯಾರಾದರೂ ತೊಳೆಯಬಹುದಿತ್ತು, ಆದರೆ ಗಂಡಸರ ಕೈ ಅದರೊಳಗೆ ಹೋಗುದಿಲ್ಲವಲ್ಲ ಅವ್ವ ಎಂದ. ಪೂವಮ್ಮ ಅವನ ಮುಖವನ್ನೇ ನೋಡಿದರು. ನೀನು ಹಾಕಿ ನೋಡಿದ್ದೀಯಾ ಎಂದು ಕೇಳಿದರು.

ಆ ಭಾನುವಾರ ಅಂಗಳದ ತುಂಬ ಕುರ್ಚಿಗಳು. ಪುತ್ತೂರಿನಿಂದ, ಬೆಳ್ಳಾರೆಯಿಂದ, ನೆಲ್ಯಾಡಿಯಿಂದಲೂ ಜನ ಬಂದಿದ್ದರು. ನಡುವೆ ಒಂದು ಮೇಜು. ಅದರ ಮೇಲೆ ಹಳದಿ ಬಟ್ಟೆ ಹಾಸಿ, ಚೆಂಡುಹೂವಿನ ಮಾಲೆ ಹಾಕಿ ಪೀಕದಾನಿಯನ್ನು ಇಟ್ಟಿದ್ದರು. ಉಗುಳುವ ಪಾತ್ರೆಗೆ ಹೂವಿನ ಮಾಲೆ. ಪೂವಮ್ಮನವರು ಮನೆಯ ಚಾವಡಿಯ ಜಗಲಿಯಲ್ಲಿ, ಸೆರಗನ್ನು ಮೂಗಿಗೆ ಹಿಡಿದುಕೊಂಡು ಕುಳಿತಿದ್ದರು.

ರಾಮಪ್ರಸಾದ ಮೈಕಿನಲ್ಲಿ ಹಿರಿಯರ ಶೌರ್ಯವನ್ನು ಹೇಳಿದ. ಬೆಳ್ಳಾರೆಯ ಖಜಾನೆಯಿಂದ ತಂದದ್ದು ಈಗ ಒಂದು ರೂಪಾಯಿಯಾಗಿ ಉಳಿದಿರಲಿಲ್ಲ. ಅವನ ಬಾಯಲ್ಲಿ ಒಂದು ಪೆಟ್ಟಿಗೆಯೇ ಆಗಿತ್ತು. ಆಮೇಲೆ ಗಂಡಸರು ಸಾಲು ನಿಂತರು. ಅವರಲ್ಲಿ ಎಲೆಯಡಿಕೆ ಹಾಕುವ ಅಭ್ಯಾಸವುಳ್ಳವರು ಕೆಲವರು ಮಾತ್ರ. ಉಳಿದವರಿಗೆ ಎಲೆ, ಅಡಿಕೆ, ಸುಣ್ಣ ಕೊಟ್ಟು ಜಗಿಯಿಸಿದರು. ಸುಣ್ಣ ಹೆಚ್ಚಾಗಿ ಒಬ್ಬನ ನಾಲಿಗೆ ಸುಟ್ಟಿತು. ಅವನು ಬಾಯಿ ತೆರೆದುಕೊಂಡೇ ಜೊಲ್ಲು ಸುರಿಸುತ್ತಾ ಮೇಜಿನವರೆಗೆ ಬಂದ. ಅಡಿಕೆ ನೆತ್ತಿಗೇರಿ ಇನ್ನೊಬ್ಬನಿಗೆ ತಲೆ ಸುತ್ತು ಬಂತು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಜಗಿದದ್ದನ್ನು ಅರ್ಧ ನುಂಗಿ, ಉಳಿದರ್ಧವನ್ನು ಕೆಮ್ಮಿಕೊಂಡು ಉಗುಳಿದ. ಅದು ಪೀಕದಾನಿಯ ಅಂಚಿನಿಂದ ಹಳದಿ ಬಟ್ಟೆಗೆ ಇಳಿಯಿತು. ಯಾರೋ ಮೂಗು ಸೀನಿದರು. ಪ್ರತಿಯೊಬ್ಬ ಬಗ್ಗಿದಾಗಲೂ ಜನ ಚಪ್ಪಾಳೆ ತಟ್ಟಿದರು. ಚೆಂಡುಹೂವಿನ ಎಸಳುಗಳಲ್ಲಿ ಕೆಂಪು ನೂಲುಗಳು ತೂಗಾಡತೊಡಗಿದವು. ನೊಣಗಳು ಬಂದವು. ಮೊದಲ ಸಾಲಿನಲ್ಲಿ ಕುಳಿತಿದ್ದವರು ಒಬ್ಬೊಬ್ಬರಾಗಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಆದರೂ ಚಪ್ಪಾಳೆ ನಿಲ್ಲಲಿಲ್ಲ.

ಕೊನೆಗೆ ರಾಮಪ್ರಸಾದ ಭವಿತಾಳ ಹೆಸರನ್ನು ಕರೆದ. ಅವಳು ಹಸುರು ಸೀರೆಯುಟ್ಟು, ಹುಣಿಸೆಹುಳಿ ಬೂದಿ ಇಟ್ಟ ತಟ್ಟೆ ಹಿಡಿದು ಚಾವಡಿಯಿಂದ ಇಳಿದಳು. ಕ್ಲಿನಿಕ್ಕಿನ ಧೈರ್ಯ ಅವಳ ಮುಖದಲ್ಲಿ ಉಳಿದಿರಲಿಲ್ಲ. ತುಟಿ ಬಿಗಿಹಿಡಿದು ಉಸಿರನ್ನು ತಡೆಯುತ್ತಿದ್ದಳು. ಮೆಟ್ಟಿಲಿನಲ್ಲಿ ಅಜ್ಜಿ ಅವಳ ರಟ್ಟೆ ಹಿಡಿದು ನಿಲ್ಲಿಸಿ, ತಾವೇ ಮೇಜಿನ ಬಳಿಗೆ ಹೋದರು. ದೊಡ್ಡಮ್ಮ ಆಶೀರ್ವಾದ ಮಾಡಲು ಬರುತ್ತಿದ್ದಾರೆಂದು ರಾಮಪ್ರಸಾದ ಮೈಕಿನಲ್ಲಿ ಹೇಳಿ, ಕೈಮುಗಿದು ಬಗ್ಗಿದ.

“ಕೈ ಮುಗಿಯುದು ಬೇಡ. ಕೈ ತೋರಿಸು” ಎಂದರು ಪೂವಮ್ಮ.

ಅವನು ಅಂಗೈ ಚಾಚಿದ. ಪೂವಮ್ಮ ತಮ್ಮ ಅಂಗೈಯನ್ನು ಅದರ ಪಕ್ಕದಲ್ಲಿ ಹಿಡಿದರು. ಜೀವಮಾನವೆಲ್ಲ ದುಡಿದ ಕೈ ಅದು. ಗೆಣ್ಣುಗಳು ಊದಿ ಬೆರಳುಗಳು ಒಂದಕ್ಕೊಂದು ಸೇರುತ್ತಿರಲಿಲ್ಲ. ಅಂಗಡಿಯ ಮೇಜಿನ ಹಿಂದೆ ಕುಳಿತ ಕೈ ಅದರ ಬಳಿ ಮಗುವಿನದರ ಹಾಗೆ ಕಂಡಿತು.

“ನನ್ನ ಕೈ ಈಗ ಇದರೊಳಗೆ ಹೋಗುದಿಲ್ಲ. ನಿನ್ನದು ಹೋಗ್ತದೆ. ಹಾಕು.”

ರಾಮಪ್ರಸಾದ ನಕ್ಕ. ಗಂಡಸರ ಕೈ ಹೋಗುವುದಿಲ್ಲವೆಂಬುದು ಗೊತ್ತಿದ್ದದ್ದೇ ಅಲ್ಲವಾ ದೊಡ್ಡಮ್ಮ ಎಂದ. ಮೈಕು ಅವನ ಕೈಯಲ್ಲೇ ಇದ್ದುದರಿಂದ ಅದು ಎಲ್ಲರಿಗೂ ಕೇಳಿಸಿತು. ಹಿಂದಿನ ಸಾಲಿನಿಂದ ಒಬ್ಬಾಕೆ, ದಿನಾ ಬೇಸಿನ್ ಮಾರುವವನಿಗೆ ಇಷ್ಟು ತೊಳೆಯಲಿಕ್ಕೆ ಎಂತ ಕಷ್ಟ ಎಂದಳು. ಹೆಂಗಸರ ಕಡೆಯಿಂದ ನಗು ಎದ್ದಿತು. ಅವನು ಮೈಕನ್ನು ಕೆಳಗಿಟ್ಟು, ಅಂಗಿಯ ತೋಳನ್ನು ಮೇಲೇರಿಸಿ, ಪೀಕದಾನಿಯ ಬಾಯೊಳಗೆ ಇಣುಕಿದ. ಇಣುಕಿದವನು ಹಾಗೆಯೇ ನಿಂತ. ಗಂಟಲಿನಲ್ಲಿ ಒಂದು ಸದ್ದಾಯಿತು. ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಅವನು ಶಾಮಿಯಾನದ ಹಿಂದಕ್ಕೆ ಹೋದ. ಅಲ್ಲಿಂದ ಬಂದ ಶಬ್ದವನ್ನು ಕೇಳಿ ಚಪ್ಪಾಳೆ ತಟ್ಟಿದವರೆಲ್ಲ ನೆಲ ನೋಡಿದರು.

ಯಾರೂ ಏಳಲಿಲ್ಲ. ಭವಿತಾ ತಟ್ಟೆ ಹಿಡಿದುಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಆಗ ಜಯಪ್ರಕಾಶ್ ಬಂದು ಅವಳ ಕೈಯಿಂದ ತಟ್ಟೆಯನ್ನು ತೆಗೆದುಕೊಂಡ. ಅವನು ಯಾರ ಮುಖವನ್ನೂ ನೋಡಲಿಲ್ಲ. ಪೀಕದಾನಿಯನ್ನು ಮಾಲೆಯ ಸಮೇತ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ ಕೊಚ್ಚೆಯಲ್ಲಿ ಬೋರಲು ಹಾಕಿದ. ಜನ ಎದ್ದು ಅತ್ತ ತಿರುಗಿದರು. ವಿಡಿಯೊದವನು ಹಿಂಬಾಲಿಸಲು ಹೊರಟವನು, ಆ ಲೋಳೆ ಇಳಿಯುವುದನ್ನು ಕಂಡು ಅರ್ಧ ದಾರಿಯಲ್ಲೇ ನಿಂತ.

ಜಯಪ್ರಕಾಶನದು ರಾಮಪ್ರಸಾದನ ಕೈಯಲ್ಲ. ಗುದ್ದಲಿ ಹಿಡಿದ ಅಗಲವಾದ ಕೈ. ಅವನು ಹೆಬ್ಬೆರಳನ್ನು ಮಡಚಿ, ಬೆರಳುಗಳನ್ನು ಕೂಡಿಸಿ, ಕಣ್ಣು ಮುಚ್ಚಿ ಒಳಗೆ ತೂರಿಸಿದ. ಮಣಿಕಟ್ಟಿನವರೆಗೂ ಹೋಯಿತು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

ಅವನು ತಿಕ್ಕಿದ. ಎರಡು ಸಲ ಓಕರಿಕೆ ಬಂದು ತಲೆ ತಿರುಗಿಸಿದ, ಆದರೆ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆರಳುಗಳು ಒಳಗೆ ಏನನ್ನೋ ಹುಡುಕುವಂತೆ ಕಂಡವು. ನೀರು ಹೊಯ್ದು, ಮತ್ತೆ ತಡವಿ ನೋಡಿದ. ಪೀಕದಾನಿಯನ್ನು ಬಿಸಿಲಿಗೆ ಓರೆಮಾಡಿ ಇಣುಕಿದ. ತಳದಲ್ಲಿ ಬೆಳ್ಳಿ ಹೊಳೆಯುತ್ತಿತ್ತು. ಅಷ್ಟೇ ಇತ್ತು.

“ಅವ್ವ, ಇದರಲ್ಲಿ ಅರಸನೇ ಇಲ್ಲ. ನುಣ್ಣಗೆ ಉಂಟು.”

ಜನ ಒಬ್ಬರ ಹಿಂದೆ ಒಬ್ಬರು ಬಂದು ನೋಡಿದರು. ಹಣೆ, ಮೂಗು, ಗಲ್ಲ ಯಾವುದೂ ಇರಲಿಲ್ಲ. ಕಿವಿಯಿದ್ದ ಕಡೆ ಒಂದು ಸಣ್ಣ ಗೀರು ಮಾತ್ರ ಇತ್ತು. ಎಷ್ಟೋ ವರ್ಷಗಳಿಂದ ಗಂಡಸರು ನೋಡಿ ಮೆಚ್ಚಿದ್ದು ಆ ಹೊಳಪನ್ನು. ಇಂದು ಇಷ್ಟು ಜನ ಸಾಲು ನಿಂತು ಉಗುಳಿದ್ದು ಬರಿಯ ಒಂದು ಬಿಲ್ಲೆಯ ಮೇಲೆ.

ಪೂವಮ್ಮನವರಿಗೆ ಅದು ಮೊದಲೇ ಗೊತ್ತಿತ್ತು. ಅವರು ಬಂದ ದಿನ ಅರಸನಿಗೆ ಮೂಗು ಇತ್ತು. ಜಯಪ್ರಕಾಶ್ ಶಾಲೆಗೆ ಹೋಗುವ ಹೊತ್ತಿಗೆ ಮೂಗು ಹೋಗಿ ಹಣೆ ಉಳಿದಿತ್ತು. ಅಟ್ಟಕ್ಕೆ ಹಾಕುವಾಗ ಕಿವಿಯೊಂದೇ ಬೆರಳಿಗೆ ಸಿಕ್ಕುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅಷ್ಟರಲ್ಲಿ ಮುಖ ತೊಳೆದುಕೊಂಡು ಬಂದಿದ್ದ ರಾಮಪ್ರಸಾದ, ಹಿರಿಯರು ಉಗುಳಿ ಉಗುಳಿ ಅರಸನನ್ನೇ ಅಳಿಸಿಹಾಕಿದರು ನೋಡಿ ಎಂದು ಸಭೆಗೆ ಹೇಳಲು ಹೊರಟ.

“ಉಗುಳಿದರೆ ಬೆಳ್ಳಿ ಸವೆಯುದಿಲ್ಲ ಮಾರಾಯ” ಎಂದರು ಪೂವಮ್ಮ. ದನಿಯೇನೂ ಏರಿರಲಿಲ್ಲ. “ನೀವು ಉಗುಳಿದ್ದರಿಂದ ಅವನಿಗೆ ಎಂತದೂ ಆಗಲಿಲ್ಲ. ಅವನ ಮೂಗು ತೆಗೆದದ್ದು ನನ್ನ ಅತ್ತೆ. ಅವರ ಅತ್ತೆ. ಮತ್ತೆ ನಾನು.”

ಪೀಕದಾನಿ ಸಮಿತಿಗೆ ಬೇಕಾದರೆ ಕೊಂಡುಹೋಗಲಿ, ಆದರೆ ಕೊಂಡುಹೋದವನೇ ಅದನ್ನು ತೊಳೆಯಬೇಕು ಎಂದು ಪೂವಮ್ಮ ಹೇಳಿದರು. ಸಂಜೆ ರಾಮಪ್ರಸಾದನ ಕಾರು ಪುತ್ತೂರಿಗೆ ಹೊರಡುವಾಗ ಪೀಕದಾನಿ ಬಾವಿಕಟ್ಟೆಯಲ್ಲೇ ಕವುಚಿಕೊಂಡಿತ್ತು. ಈಗಲೂ ಅಲ್ಲೇ ಇದೆ. ಅದರ ಮೇಲೆ ಭವಿತಾ ಪಾತ್ರೆ ತೊಳೆಯುವ ಸಾಬೂನನ್ನು ಇಡುತ್ತಾಳೆ.

ಆ ಮಧ್ಯಾಹ್ನದ ಊಟ ಸಪ್ಪೆಯಾಗಿಯೇ ನಡೆಯಿತು. ಅಡುಗೆಯವರು ಪುನರ್ಪುಳಿಯ ಸಾರು ಮಾಡಿದ್ದರು. ಅದು ಕಡಾಯಿಯಲ್ಲೇ ಹೆಚ್ಚು ಉಳಿಯಿತು. ಪೂವಮ್ಮನವರು ಎಂದಿನಂತೆ ಮಜ್ಜಿಗೆ ಅನ್ನ ಉಂಡರು. ಅವರ ಹೇಸಿಗೆ ಆ ದಿನ ಹೋಗಲಿಲ್ಲ. ಹೋಗುವುದೂ ಇಲ್ಲ ಎಂದು ಅವರೇ ಹೇಳುತ್ತಾರೆ.

ಜಯಪ್ರಕಾಶ್ ಮಾತ್ರ ಎಲೆಯ ಮುಂದೆ ಕುಳಿತವನು ಎದ್ದುಹೋದ. ಬಾವಿಕಟ್ಟೆಯಲ್ಲಿ ನಿಂತು ಸಾಬೂನು ಹಾಕಿ ಕೈ ತೊಳೆದ, ಮೂಸಿದ, ಮತ್ತೆ ತೊಳೆದ. ಬೆರಳುಗಳ ಸಂದಿಯಿಂದ ಆ ವಾಸನೆ ಹೋಗಲೇ ಇಲ್ಲ. ಪೂವಮ್ಮ ಜಗಲಿಯಿಂದ ಅದನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಮೆಲ್ಲಗೆ ಅಂಗಳದ ಬದಿಗೆ ಹೋಗಿ, ಲಿಂಬೆಗಿಡದಿಂದ ನಾಲ್ಕು ಎಲೆ ಕಿತ್ತು, ಊದಿದ ಬೆರಳುಗಳಲ್ಲಿ ಆದಷ್ಟು ಹಿಸುಕಿ, ಮಗನ ಅಂಗೈಯಲ್ಲಿಟ್ಟರು.

“ಸಾಬೂನಿಗೆ ಹೋಗುದಿಲ್ಲ ಮಗ” ಎಂದರು. “ಇದನ್ನು ತಿಕ್ಕು.”